ಕಿತ್ತುಹೋಗಲೆಂದು ನೂತ ದಾರ

ಹೋದ ವಾರ ರಾಗಿ ಬೀಸಿಸಿಕೊಂಡು ಬರಲು ಮಧುಗಿರಿಯ ನಮ್ಮ ಬೀದಿಯ ಕೊನೆಗಿರುವ ಹಿಟ್ಟಿನ ಮಿಲ್ಲಿಗೆ ಹೋಗಿದ್ದೆ. ನಿವೃತ್ತನಾದ ಮೇಲೆ ಮನೆಯಲ್ಲಿ ನನಗೆ ದೊರೆತಿರುವ ಕೆಲವೇ ಹುದ್ದೆಗಳಲ್ಲಿ ಇದೂ ಒಂದು. ಹೋದಾಗ ಕರೆಂಟು ಇರಲಿಲ್ಲ. ಡಬ್ಬ, ಚೀಲಗಳನ್ನು ಸಾಲಾಗಿಟ್ಟು ನಾವೆಲ್ಲ ಜಗುಲಿಯ ಮೇಲೆ ಕೂತು ಕಾದೆವು. ಕರೆಂಟು ಬಂತು. ಮಿಲ್ಲಿನವನು ಬೀಡಿ ಆರಿಸಿ ಒಳಗೆ ಬಂದು, ಸ್ವಿಚ್ಚಿನ ಪಕ್ಕದ ಮೊಳೆಗೆ ತೂಗುಬಿಟ್ಟಿದ್ದ ನೂಲಿನ ಕುಚ್ಚಿನಿಂದ ಒಂದು ಎಳೆಯನ್ನು ಎಳೆದುಕೊಂಡ. ಎರಡು ಕೈಯಲ್ಲಿ ಹಿಡಿದು ಪಟ್ಟನೆ ಕಿತ್ತು ತುಂಡುಗಳನ್ನು ಕೆಳಗೆ ಬಿಟ್ಟ. ಆಮೇಲೆ ಸ್ವಿಚ್ಚು ಹಾಕಿದ. ಬೆಲ್ಟು ಒಮ್ಮೆ ನಡುಗಿ ಓಡತೊಡಗಿತು.

"ದಾರ ಯಾಕಪ್ಪ ಕಿತ್ತೆ?" ಎಂದು ಕೇಳಿದೆ.

"ಹಂಗೇ ಸಾ. ಮಿಸನ್ ಸುರು ಮಾಡೋ ಮುಂಚೆ ಕೀಳ್ಬೇಕು."

"ಕೀಳದಿದ್ದರೆ?"

"ಒಳ್ಳೇದಲ್ಲ. ನಮ್ಮಪ್ಪ ಹೊಸಕೋಟೆ ಕಡೆ ಮಿಸನ್‌ನಾಗೆ ಇದ್ದ, ಅವ್ನೂ ಕೀಳ್ತಿದ್ದ. ದೃಷ್ಟಿಗೋ ಏನೋ ಬುಡಿ. ನಿಮ್ಮದು ರಾಗೀನಾ, ಗೋಧೀನಾ?"

ರಾಗಿ ಎಂದೆ. ಆದರೆ ಹೊಸಕೋಟೆ ಎಂಬ ಹೆಸರು ಕಿವಿಗೆ ಬಿದ್ದ ಮೇಲೆ ನನ್ನ ಗಮನ ರಾಗಿಯ ಮೇಲೆ ಇರಲಿಲ್ಲ. ಹಿಟ್ಟನ್ನು ಬೇರೆ ಯಾರದೋ ಡಬ್ಬಕ್ಕೆ ತುಂಬಿಸಿಕೊಂಡು ಮನೆಗೆ ಬಂದು ಬೈಸಿಕೊಂಡೆ.

ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ನಮ್ಮ ಚಿಕ್ಕಪ್ಪ ಕಡಲೆಕಾಯಿ ಒಡೆಯುವ ಮಿಷನ್ ಇಟ್ಟಿದ್ದರು. ಮಹಾರಾಜರ ಕಾಲ, ಯುದ್ಧ ನಡೆಯುತ್ತಿದ್ದ ವರ್ಷಗಳು. ಯಾವ ವರ್ಷ ಎಂದು ಖಚಿತವಾಗಿ ಹೇಳಲಾರೆ. ಆಗಲೇ ನನಗೆ ದಿನಚರಿ ಬರೆಯುವ ಚಟವಿತ್ತು, ಆದರೆ ನಾನು ಈಗ ಹೇಳಹೊರಟಿರುವ ಎರಡು ದಿನಗಳ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಮೋಡ ಕವಿದಿತ್ತು, ಸೌತೆಕಾಯಿ ತಿಂದೆ ಎಂದೆಲ್ಲ ಬರೆಯುವವನಿಗೆ ಬರೆಯಬೇಕಾದದ್ದು ಬಂದಾಗ ಪುರಸೊತ್ತು ಸಿಕ್ಕಿಲ್ಲ. ಹಾಗಾಗಿ ಇದೆಲ್ಲ ನೆನಪು. ನನ್ನ ನೆನಪು ಎಂಥದೆಂದರೆ, ಒಂದೇ ಕಥೆಯನ್ನು ಎರಡು ಸಲ ಹೇಳಿದರೆ ಎರಡನೆಯ ಸಲ ಅದರಲ್ಲಿ ನಾನು ಸ್ವಲ್ಪ ಎತ್ತರವಾಗಿರುತ್ತೇನೆ. ನೀವು ಅಷ್ಟನ್ನು ಕಳೆದುಕೊಂಡೇ ಓದಬೇಕು.

ನಮ್ಮದು ಮಧುಗಿರಿಯಲ್ಲಿ ಬಟ್ಟೆ ಅಂಗಡಿಯ ಮನೆತನ. ಚಿಕ್ಕಪ್ಪನಿಗೆ ಬಟ್ಟೆ ಅಳೆಯುವುದು ಬೇಸರ ತಂದಿರಬೇಕು. ಹಿರಿಯರಿಗೆ ಹೇಳಿ, ಹೇಳಿದ್ದಕ್ಕಿಂತ ಹೆಚ್ಚು ಜಗಳವಾಡಿ, ತಮ್ಮ ಪಾಲಿಗೆ ಬಂದದ್ದನ್ನೆಲ್ಲ ಒಂದು ಆಯಿಲ್ ಇಂಜಿನ್ನಿಗೆ ಹಾಕಿದ್ದರು. ಹೊಸಕೋಟೆಯ ಸುತ್ತ ಮಳೆ ನಂಬಿ ಬೆಳೆಯುವ ಕಡಲೆಕಾಯಿ. ಸುಗ್ಗಿಯಾದ ಮೇಲೆ ಗಾಡಿಗಳು ಸಾಲಾಗಿ ಬಂದು ಮಿಷನ್ ಮನೆಯ ಮುಂದೆ ನಿಲ್ಲುತ್ತಿದ್ದವು. ಒಂದು ಕಡೆ ಇಂಜಿನ್, ಇನ್ನೊಂದು ಕಡೆ ಕಾಯಿ ಒಡೆಯುವ ಮಿಷನ್, ಎರಡರ ನಡುವೆ ಉದ್ದನೆಯ ತೊಗಲಿನ ಬೆಲ್ಟು. ಮಿಷನ್ನಿನ ಒಳಗಿದ್ದ ಫ್ಯಾನು ಸಿಪ್ಪೆಯನ್ನು ಗೋಡೆಯ ಕಂಡಿಯಿಂದ ಹಿತ್ತಲಿಗೆ ತೂರುತ್ತಿತ್ತು. ಹಿತ್ತಲಲ್ಲಿ ಸಿಪ್ಪೆಯ ಒಂದು ಗುಡ್ಡವೇ ಬೆಳೆಯುತ್ತಿತ್ತು. ಬಿ.ಎ. ಮುಗಿಸಿ ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದ ನನ್ನನ್ನು ತಕ್ಕಡಿ ನೋಡಿಕೊಳ್ಳಲು ಚಿಕ್ಕಪ್ಪ ಕರೆಸಿಕೊಂಡಿದ್ದರು. ಅವರು ನನ್ನನ್ನು "ಬೀಯೆ" ಎಂದೇ ಕೂಗುತ್ತಿದ್ದರು. ಕ್ರಮೇಣ ಗಾಡಿಯ ಎತ್ತುಗಳಿಗೂ ನನ್ನ ಹೆಸರು ಅದೇ ಎಂದು ಗೊತ್ತಾಗಿತ್ತು.

ಚಿಕ್ಕಪ್ಪನಷ್ಟು ಯಂತ್ರಕ್ಕೆ ಹೆದರುವ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ. ಇದನ್ನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಬಂದು ಇಂಜಿನ್ನಿನ ಸುತ್ತ ಒಂದು ಸುತ್ತು ಬರುತ್ತಿದ್ದರು. ಎಣ್ಣೆ ಬಟ್ಟಲುಗಳನ್ನು ತುಂಬಿ, ತಿರುಪುಗಳನ್ನು ಒಂದೊಂದಾಗಿ ಮುಟ್ಟಿ, ಬೆಲ್ಟಿನ ಎರಡು ತುದಿ ಸೇರುವ ಕಡೆ ಹೆಣೆದ ಬಾರನ್ನು ಬೆರಳಿನಿಂದ ಸವರಿ ನೋಡುತ್ತಿದ್ದರು. ಬೇರಿಂಗ್ ಕಾದಿದೆಯೋ ಎಂದು ನೋಡಬೇಕಾದರೆ ಅಂಗೈ ಇಡುತ್ತಿರಲಿಲ್ಲ, ಕೈಯ ಹಿಂಬದಿ ಇಡುತ್ತಿದ್ದರು. "ಅಂಗೈ ಇಟ್ರೆ ಹಿಡ್ಕಳ್ತದೆ, ಹಿಂಗೈ ಇಟ್ರೆ ಬುಡ್ತದೆ" ಎನ್ನುತ್ತಿದ್ದರು. ಬೆಲ್ಟಿನ ಉದ್ದಕ್ಕೂ ಎದೆಮಟ್ಟಕ್ಕೆ ಬಿದಿರಿನ ಗಳವನ್ನು ಅಡ್ಡ ಕಟ್ಟಿಸಿದ್ದರು. ಇಂಜಿನ್ನಿನ ಚಕ್ರ ಪೂರ್ತಿ ನಿಂತ ಹೊರತು ಅದರಾಚೆಗೆ ಯಾರ ಕೈಯೂ ಹೋಗಕೂಡದು. ತಮ್ಮದೂ ಸೇರಿ.

ಬಾಗಿಲಲ್ಲಿ ಗೂಟಗಳ ಸಾಲಿತ್ತು. ಒಳಗೆ ಬರುವವರು ಹೆಗಲ ಮೇಲಿನ ಟವೆಲ್ಲು, ತಲೆಯ ರುಮಾಲು, ಜೋಲುವ ಶಲ್ಯ ಎಲ್ಲವನ್ನೂ ಅಲ್ಲೇ ಬಿಡಬೇಕು. ಪಂಚೆಯಾದರೆ ಕಚ್ಚೆ ಕಟ್ಟಬೇಕು. ಕಾಯಿ ಆರಿಸಲು ಬರುವ ಹೆಂಗಸರು ಸೆರಗನ್ನು ಸೊಂಟಕ್ಕೆ ಬಿಗಿದು, ಜಡೆಯನ್ನು ಗಂಟು ಹಾಕಿ, ತಾಳಿಯನ್ನು ರವಿಕೆಯ ಒಳಗೆ ಸೇರಿಸಿಕೊಳ್ಳಬೇಕು. ಹೆಂಗಸರ ಮೇಳಕ್ಕೆ ಯಜಮಾನಿಯಂತಿದ್ದವಳು ನರಸಕ್ಕ. ಗಡಿಯ ಆಚೆಯ ತೆಲುಗೂ ಈಚೆಯ ಕನ್ನಡವೂ ಅವಳ ಬಾಯಲ್ಲಿ ಒಂದೇ ಭಾಷೆಯಾಗಿದ್ದವು.

"ಏಮಿ ಸಾಮೀ, ದಿನಾ ನಮ್ಮನ್ನ ಕುಸ್ತಿಗೆ ಕಳಿಸೋರ ತರ ಕಟ್ಟಾಕ್ತೀರಿ!" ಎಂದು ಅವಳು ಕೂಗುತ್ತಿದ್ದಳು.

"ಕುಸ್ತೀನೇ ಕಣಮ್ಮ. ಅದು ಒಂದ್ಸಲ ಹಿಡಿದ್ರೆ ಬುಡಲ್ಲ" ಎನ್ನುತ್ತಿದ್ದರು ಚಿಕ್ಕಪ್ಪ.

ಆಮೇಲೆ ಇಂಜಿನ್ ನೋಡಿಕೊಳ್ಳುತ್ತಿದ್ದ ಶಿರಾದ ಖಾದರ್ ಸಾಬರು ತೂಗುಹಾಕಿದ್ದ ಕಂಬಿಯ ತುಂಡನ್ನು ಬಾರಿಸುತ್ತಿದ್ದರು. ಎಲ್ಲರೂ ಅಡ್ಡಗಳದಿಂದ ಹಿಂದೆ ಸರಿದ ಮೇಲೆ ಇಂಜಿನ್ನಿಗೆ ಜೀವ ಬರುತ್ತಿತ್ತು.

ಇಷ್ಟು ಎಚ್ಚರದ ಮನುಷ್ಯ ಒಂದನ್ನು ಮಾತ್ರ ನೋಡಿರಲಿಲ್ಲ. ನಾವು ಲಿಂಗ ಕಟ್ಟಿಕೊಳ್ಳುವವರು. ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಸಾಯುವವರೆಗೆ ಮೈಬಿಟ್ಟು ಹೋಗುವಂತಿಲ್ಲ. ಬೆಳ್ಳಿಯ ಕರಡಿಗೆಯಲ್ಲಿಟ್ಟು, ಶಿವದಾರದಲ್ಲಿ ಕೊರಳಿಗೆ ಹಾಕಿಕೊಂಡರೆ ಅದು ಎದೆಯ ಮೇಲೆ ತೂಗುತ್ತಿರುತ್ತದೆ. ತೂಗುತ್ತಿರುತ್ತದೆ ಎಂದು ಈಗ ಬರೆದೆ. ಆಗ ಆ ಮಾತು ನಮ್ಮ ಯಾರ ತಲೆಯಲ್ಲೂ ಸುಳಿದಿರಲಿಲ್ಲ. ಟವೆಲ್ಲು ತೂಗುತ್ತದೆ, ಜಡೆ ತೂಗುತ್ತದೆ, ಪರರ ಹೆಂಡಿರ ತಾಳಿ ತೂಗುತ್ತದೆ. ಲಿಂಗ ಮೈಯ ಭಾಗ. ಕಿವಿಯನ್ನು ಗೂಟಕ್ಕೆ ಹಾಕಿ ಬನ್ನಿ ಎಂದು ಯಾರಾದರೂ ಹೇಳುತ್ತಾರೆಯೆ? ಸೆಕೆಗೆ ಅಂಗಿ ಕಳಚಿ ಬರಿಮೈಯಲ್ಲಿ ಇಂಜಿನ್ನಿನ ಸುತ್ತ ಓಡಾಡುತ್ತಿದ್ದ ಚಿಕ್ಕಪ್ಪನ ಎದೆಯ ಮೇಲೆ ಆ ಕರಡಿಗೆ ದಿನವೂ ಆಡುತ್ತಿತ್ತು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ಬಂದಿದ್ದ ನಾನೂ ದಿನವೂ ನೋಡುತ್ತಿದ್ದೆ. ನನ್ನ ಎದೆಯ ಮೇಲೂ ಒಂದು ಇತ್ತು.

ಚಳಿ ಹೋಗಿ ಬಿಸಿಲು ಏರುವ ಕಾಲ. ಬೆಳಗಿನ ಹೊತ್ತು. ಬೆಲ್ಟು ಜಾರುತ್ತಿದೆಯೆಂದು ಖಾದರ್ ಸಾಬರು ಕೂಗಿದರು. ಬೆಲ್ಟು ಜಾರಿದರೆ ತೊಗಲು ಸುಟ್ಟ ವಾಸನೆ ಬರುತ್ತದೆ. ಇಂಜಿನ್ ನಿಲ್ಲಿಸಿ ಬೆಲ್ಟಿಗೆ ರಾಳದ ಪುಡಿ ಉಜ್ಜುವುದು ಪದ್ಧತಿ. ಚಿಕ್ಕಪ್ಪ, "ನಿಲ್ಸಿ ಸಾಬ್ರೇ, ನೋಡಾನ" ಎನ್ನುತ್ತ ಬಂದರು. ಖಾದರ್ ಸಾಬರು ಇಂಜಿನ್ನಿಗೆ ಹೋಗುವ ಎಣ್ಣೆ ನಿಲ್ಲಿಸಲು ತಿರುಗಿದರು. ಚಕ್ರ ನಿಲ್ಲಲು ಇನ್ನೂ ಸಮಯ ಬೇಕು. ಅಷ್ಟರಲ್ಲಿ ಚಿಕ್ಕಪ್ಪ ಎರಡು ಕೈಯನ್ನೂ ಬೆನ್ನಿನ ಹಿಂದೆ ಕಟ್ಟಿಕೊಂಡು, ವಾಸನೆ ಎಲ್ಲಿಂದ ಬರುತ್ತಿದೆಯೆಂದು ಮೂಸಿ ನೋಡಲು ಅಡ್ಡಗಳದ ಮೇಲಿಂದ ಸ್ವಲ್ಪ ಬಗ್ಗಿದರು.

ಕೈಗಳು ಬೆನ್ನ ಹಿಂದೆಯೇ ಇದ್ದವು. ಅದನ್ನು ನಾನು ಆಣೆಯಿಟ್ಟು ಹೇಳಬಲ್ಲೆ. ತಮ್ಮ ಯಾವ ನಿಯಮವನ್ನೂ ಅವರು ಮುರಿಯಲಿಲ್ಲ.

ಕರಡಿಗೆ ಮುಂದಕ್ಕೆ ಜೋತಿತು. ಬೆಲ್ಟಿನ ಹೆಣಿಗೆಯ ಗಂಟು ಬಂದು ದಾರವನ್ನು ಹಿಡಿಯಿತು. ಚಿಕ್ಕಪ್ಪನ ತಲೆ ಯಾರೋ ಜುಟ್ಟು ಹಿಡಿದು ಎಳೆದಂತೆ ಕೆಳಗೆ ಹೋಯಿತು, ಗದ್ದ ಬಿದಿರಿಗೆ ಬಡಿಯಿತು, ಮರುಕ್ಷಣ ಅವರು ಹಿಂದಕ್ಕೆ ಬಿದ್ದಿದ್ದರು. ಹಳೆಯ ನೂಲಿನ ದಾರ, ಬೆವರಿಗೆ ನೆನೆದೂ ನೆನೆದೂ ಲಡ್ಡಾಗಿತ್ತು. ಕಿತ್ತುಹೋಗಿತ್ತು.

ಇಂಜಿನ್ ನಿಂತಿತು. ಕೊರಳಿನ ಹಿಂಬದಿ ಚರ್ಮ ಸುಲಿದು ಕೆಂಪು ಗೆರೆ ಎದ್ದಿತ್ತು. ಖಾದರ್ ಸಾಬರು ಓಡಿ ಬಂದು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಜಾನ್ ಬಚ್ ಗಯೀ ಸಾವ್ಕಾರ್, ಜೀವ ಉಳೀತು, ಜೀವ ಉಳೀತು" ಎನ್ನುತ್ತಿದ್ದರು. ಚಿಕ್ಕಪ್ಪ ಅದನ್ನು ಕೇಳಿಸಿಕೊಳ್ಳಲಿಲ್ಲ. ಅಂಗೈಯಿಂದ ಎದೆಯನ್ನು ತಡವಿದರು. ಮತ್ತೆ ತಡವಿದರು.

"ಲಿಂಗ ಎಲ್ಲಿ?" ಎಂದರು.

ಮಿಷನ್ ಮನೆಯ ಹಿಂದೆಯೇ ವಾಸದ ಮನೆ. ಗದ್ದಲಕ್ಕೆ ಚಿಕ್ಕಮ್ಮ ತಂಬಿಗೆಯಲ್ಲಿ ನೀರು ಹಿಡಿದು ಓಡಿ ಬಂದರು. ಚಿಕ್ಕಪ್ಪ ತಂಬಿಗೆಯನ್ನು ಕೈಯಿಂದ ಸರಿಸಿದರು. ಲಿಂಗ ಮೈಮೇಲಿಲ್ಲದೆ ಅವರು ನೀರು ಮುಟ್ಟುವವರಲ್ಲ. ಚಿಕ್ಕಮ್ಮನಿಗೂ ಅದು ಗೊತ್ತಿತ್ತು. ಆದರೂ ತಂಬಿಗೆಯನ್ನು ಬಹಳ ಹೊತ್ತು ಹಿಡಿದುಕೊಂಡೇ ನಿಂತಿದ್ದರು.

ಮಿಷನ್ ಮನೆಯ ನೆಲವನ್ನೆಲ್ಲ ಗುಡಿಸಿ ನೋಡಿದೆವು, ಸಿಗಲಿಲ್ಲ. ಆಗ ನಾನು ಮುಂದೆ ಬಂದೆ. ಬೆಲ್ಟು ಮಿಷನ್ನಿನ ಕಡೆಗೆ ಓಡುತ್ತದೆ, ಮಿಷನ್ನಿನ ಬಾಯಿಗೆ ಬಿದ್ದದ್ದನ್ನು ಫ್ಯಾನು ಹಿತ್ತಲಿಗೆ ತೂರುತ್ತದೆ, ಆದ್ದರಿಂದ ಕರಡಿಗೆ ಸಿಪ್ಪೆಯ ಗುಡ್ಡದಲ್ಲಿರಲೇಬೇಕು ಎಂದು ಬೆರಳು ಮಡಿಸಿ ಸಾಧಿಸಿದೆ. ಎಲ್ಲರೂ ತಲೆದೂಗಿದರು. ಒಂದು ಸುಗ್ಗಿಯ ಸಿಪ್ಪೆ, ಮನೆಯ ಸೂರಿನ ಎತ್ತರಕ್ಕೆ ನಿಂತಿತ್ತು. ನರಸಕ್ಕನ ಮೇಳ ಮೊರ, ಜರಡಿ ಹಿಡಿದು ಒಂದು ಅಂಚಿನಿಂದ ಕೇರತೊಡಗಿತು. ಬೆಳ್ಳಿಯ ಕರಡಿಗೆಯಾದ್ದರಿಂದ ಜರಡಿಯಲ್ಲಿ ನಿಲ್ಲುತ್ತದೆ, ಅದೇನೋ ಸರಿ. ಆದರೆ ಗುಡ್ಡ ಕರಗುವ ವೇಗ ನೋಡಿದರೆ ಎದೆ ಒಡೆಯುವಂತಿತ್ತು. ನಾನೂ ಒಂದು ಮೊರ ತೆಗೆದುಕೊಂಡೆ. ಸಿಪ್ಪೆಯೆಲ್ಲ ನನ್ನ ತಲೆಯ ಮೇಲೆಯೇ ಬಿತ್ತು.

"ಬೀಯೆ ಸಾಮೀ, ಮೀ ಕಾಲೇಜ್‌ನಾಗೆ ಮೊರ ಹಿಡಿಯೋದು ಹೇಳ್ಕೊಡಲಿಲ್ವಾ?" ಎಂದಳು ನರಸಕ್ಕ. ಹೆಂಗಸರು ನಕ್ಕರು. ಆಮೇಲೆ ಜಗುಲಿಯ ಮೇಲೆ ಕೂತಿದ್ದ ಚಿಕ್ಕಪ್ಪನ ಕಡೆ ನೋಡಿ ನಗು ನಿಲ್ಲಿಸಿದರು. ನರಸಕ್ಕ ದನಿ ತಗ್ಗಿಸಿ, "ಎಕ್ಕಡ ಪೋಯಿಂದೋ ಆ ದೇವುಡು, ಬೇಗ ಸಿಗಲಿ. ಮುಖ ನೋಡಕ್ಕಾಗಲ್ಲ ಆ ಮನುಷ್ಯಂದು" ಎಂದು ಮತ್ತೆ ಬಗ್ಗಿದಳು.

ಸಿಪ್ಪೆಯ ಧೂಳು ಗಂಟಲನ್ನು ಹೇಗೆ ಒಣಗಿಸುತ್ತದೆಂದು ಅದನ್ನು ಕುಡಿದವರಿಗೇ ಗೊತ್ತು. ನಾವೆಲ್ಲ ಗಳಿಗೆಗೊಮ್ಮೆ ಹೋಗಿ ಕೊಡದಿಂದ ನೀರು ಕುಡಿಯುತ್ತಿದ್ದೆವು. ಚಿಕ್ಕಪ್ಪನ ಕಣ್ಣಿಗೆ ಬೀಳದಂತೆ ಕೊಡವನ್ನು ಗೋಡೆಯ ಮರೆಗೆ ಇಟ್ಟಿದ್ದೆವು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಡ ಹೆಂಡಿರ ನಡುವೆ ನಡೆದ ಮಾತು ನನಗೆ ಹತ್ತಿರದಿಂದಲೇ ಕೇಳಿಸಿತು.

"ಮದಗಿರಿಗೆ ಹೇಳಿ ಕಳಿಸ್ತೀನಿ. ಅಯ್ಯನೋರು ಬಂದು ಬೇರೆ ಲಿಂಗ ಕಟ್ಟಲಿ" ಎಂದರು ಚಿಕ್ಕಮ್ಮ.

"ಸಿಪ್ಪೆ ಗುಡ್ಡೆ ಮುಗೀಲಿ."

"ಗುಡ್ಡೆ ಮುಗಿಯೋ ಹೊತ್ಗೆ ನೀವು ಮುಗೀತೀರ."

"ನಮ್ಮಪ್ಪ ತೊಡೆ ಮೇಲೆ ಕೂರಿಸ್ಕಂಡು ಕಟ್ಟಿಸಿದ ಲಿಂಗ ಕಣೆ ಅದು. ಅಲ್ಲೇ ಸಿಪ್ಪೇಲಿ ಬಿದ್ದದೆ ಅಂತ ಗೊತ್ತಿದ್ದೂ ಅದನ್ನ ಬುಟ್ಟು ಇನ್ನೊಂದು ಕಟ್ಕಳ್ಲಾ? ಸಿಕ್ಕಲ್ಲ ಅಂತ ಆಗಲಿ, ಆಮೇಲೆ ನೋಡಾನ."

ನಾನು ಸುಮ್ಮನಿರಬೇಕಿತ್ತು. ವಿದ್ಯೆ ಸುಮ್ಮನಿರಗೊಡಲಿಲ್ಲ. "ಚಿಕ್ಕಪ್ಪ, ನೀರಿನ ಮಾತು ಬೇರೆ, ಲಿಂಗದ ಮಾತು ಬೇರೆ ಅಲ್ಲವೆ? ಒಂದು ಗುಟುಕು ಕುಡಿದರೆ..." ಎಂದು ಶುರುಮಾಡಿದೆ.

ಅವರು ಸಿಟ್ಟಾಗಲಿಲ್ಲ. "ಲೇ ಬೀಯೆ, ನಿನ್ನ ಲಿಂಗ ನಿನ್ನ ಎದೆ ಮೇಲದೆ. ಅದಕ್ಕೇ ನಿಂಗೆ ಮಾತು ಬತ್ತದೆ" ಎಂದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಚಿಕ್ಕಪ್ಪನ ತುಟಿ ಬಿರಿದಿತ್ತು. ಮಾತು ಗಂಟಲಿನಿಂದ ಹೊರಡುತ್ತಿರಲಿಲ್ಲ, ನಾಲಿಗೆಯ ತುದಿಯಿಂದ ಬರುತ್ತಿತ್ತು. ಗುಡ್ಡದ ಕಾಲುಭಾಗವೂ ಮುಗಿದಿರಲಿಲ್ಲ. ಚಿಕ್ಕಮ್ಮ ಅವರಿಗೆ ಹೇಳದೆ ನನ್ನನ್ನು ಮಧುಗಿರಿಗೆ ಕಳಿಸಲು ತೀರ್ಮಾನಿಸಿದರು. ಇದ್ದಿಲ ಗ್ಯಾಸಿನ ಬಸ್ಸು ಮಧ್ಯಾಹ್ನ ಬರುತ್ತಿತ್ತು, ಅಥವಾ ಬರುತ್ತಿರಲಿಲ್ಲ. ದಾರಿಯಲ್ಲಿ ಏರು ಸಿಕ್ಕಿದರೆ ಇಳಿದು ತಳ್ಳಬೇಕು. ಅಯ್ಯನವರನ್ನು ಹಿಡಿದು ಕರೆತರಲು ಎಷ್ಟು ಹೊತ್ತಾಗುತ್ತದೋ, ತಂದರೂ ಚಿಕ್ಕಪ್ಪ ಒಪ್ಪುತ್ತಾರೋ ಇಲ್ಲವೋ. "ಒಪ್ಪಿಸೋದು ನಂಗೆ ಬುಡು, ನೀನು ಕರ್ಕಂಡು ಬಾ" ಎಂದರು ಚಿಕ್ಕಮ್ಮ. ನಿನ್ನೆಯಿಂದ ಅವರೂ ಏನೂ ತಿಂದಿರಲಿಲ್ಲ ಎಂದು ಅವರ ದನಿಯಿಂದ ಆಗ ನನಗೆ ಹೊಳೆಯಿತು.

ನಾನು ಚೀಲ ಹಿಡಿದು ಮಿಷನ್ ಮನೆಯ ಮೂಲಕ ಹೊರಟೆ. ಒಳಗೆ ಚಿಕ್ಕಪ್ಪ ಇಂಜಿನ್ನಿನ ಹತ್ತಿರ ಕೂತಿದ್ದರು. ಖಾದರ್ ಸಾಬರು ಬೇಡವೆಂದು ಕೈಹಿಡಿಯುತ್ತಿದ್ದರು. ಇಂಜಿನ್ನಿನ ಮೈ ತಂಪಾಗಿರಲೆಂದು ಗೋಡೆಗೆ ಸೇರಿಸಿ ಗಾರೆಯ ತೊಟ್ಟಿಯೊಂದನ್ನು ಕಟ್ಟಿತ್ತು. ಅದರ ನೀರು ಇಂಜಿನ್ನಿನ ಮೈಯೊಳಗೆ ಹೋಗಿ ಬಿಸಿಯಾಗಿ ಮರಳಿ ತೊಟ್ಟಿಗೆ ಬರುತ್ತಿತ್ತು. ತಳದಲ್ಲಿ ಸುಣ್ಣದಂಥ ಗಷ್ಟು ಕೂಡುತ್ತಿತ್ತು. ಇಂಜಿನ್ ನಿಂತ ದಿನ ಅದನ್ನು ಖಾಲಿಮಾಡಿ ಕೆರೆಯುವುದು ಚಿಕ್ಕಪ್ಪನ ಪದ್ಧತಿ.

"ಇವತ್ತೇ ಆಗ್ಬೇಕಾ ಸಾವ್ಕಾರ್ ಇದು? ಕುಂತ್ಕಳ್ರಿ" ಎನ್ನುತ್ತಿದ್ದರು ಖಾದರ್ ಸಾಬರು.

"ಪೂಜೆ ಮಾಡಂಗಿಲ್ಲ. ಇದಾದ್ರೂ ಮಾಡ್ತೀನಿ ಬುಡಿ" ಎಂದು ಚಿಕ್ಕಪ್ಪ ತೊಟ್ಟಿಯ ತಳದ ಬಿರಟೆ ಎಳೆದರು.

ನೀರು ಚರಂಡಿಗೆ ಹರಿಯಿತು. ಎಣ್ಣೆಯ ಪದರ ಕಟ್ಟಿದ್ದ ಕಪ್ಪು ನೀರು. ಬಾಯಾರಿದ ಮನುಷ್ಯನ ಪಾದದ ಮೇಲೆಯೇ ಅದು ಹರಿದುಹೋಗುವುದನ್ನು ನೋಡಲಾಗದೆ ನಾನು ಬಾಗಿಲ ಕಡೆ ತಿರುಗಿದೆ. ಹಿಂದಿನಿಂದ ಶಬ್ದವೇನೂ ಬರಲಿಲ್ಲ. ಆ ನಿಶ್ಶಬ್ದಕ್ಕೇ ತಿರುಗಿ ನೋಡಿದೆ. ಚಿಕ್ಕಪ್ಪ ತೊಟ್ಟಿಯೊಳಗೆ ಕೈಯಿಟ್ಟಿದ್ದರು, ಹೊರಗೆ ತೆಗೆದಿರಲಿಲ್ಲ. ಮುಖ ಅಳುತ್ತಿತ್ತು, ಆದರೆ ಕಣ್ಣಿನಲ್ಲಿ ನೀರಿರಲಿಲ್ಲ. ಬರಲು ಮೈಯಲ್ಲಿ ಉಳಿದಿರಲಿಲ್ಲವೋ ಏನೋ.

ಬೆಲ್ಟಿಗೆ ಹೋಗುವ ಮೈ ಒಂದಿದ್ದರೆ ಬರುವ ಮೈಯೂ ಒಂದಿರುತ್ತದೆ ಎಂಬುದು ನನ್ನ ತರ್ಕದಲ್ಲಿ ಬಿಟ್ಟುಹೋಗಿತ್ತು. ಚಿಕ್ಕಪ್ಪ ಬಗ್ಗಿದ್ದು ಇಂಜಿನ್ನಿನ ಕಡೆಗೆ ಮರಳಿ ಬರುವ ಮೈಯ ಮೇಲೆ. ಅದು ಕರಡಿಗೆಯನ್ನು ತೊಟ್ಟಿಗೆ ಎಸೆದಿತ್ತು. ನಾನು ಊರಿನ ಅರ್ಧ ಹೆಂಗಸರಿಂದ ಸಿಪ್ಪೆ ಕೇರಿಸುತ್ತಿದ್ದೆ. ನರಸಕ್ಕ ಇದನ್ನು ಮರೆಯಲೂ ಇಲ್ಲ, ಮರೆಯಗೊಡಲೂ ಇಲ್ಲ.

ಸ್ನಾನವಾಯಿತು, ಪೂಜೆಯಾಯಿತು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅವರು ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದರು. ಚಿಕ್ಕಮ್ಮ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಚಿಕ್ಕಪ್ಪ ಕುಡಿದ ಮೊದಲ ಗುಟುಕಿನ ಸದ್ದು ನನಗೆ ಈಗಲೂ ಕೇಳಿಸುತ್ತದೆ ಎಂದು ಬರೆಯಹೊರಟಿದ್ದೆ. ಅದು ನಿಜವಲ್ಲ. ಕೇಳಿಸಿರಬೇಕು ಎಂದು ನನಗೆ ಅನ್ನಿಸುತ್ತದೆ, ಅಷ್ಟೆ.

ಕಥೆ ಇಲ್ಲಿಗೆ ಮುಗಿಯಿತೆಂದು ಅಂದು ನಾವೆಲ್ಲ ಅಂದುಕೊಂಡೆವು. ಮುಗಿದಿರಲಿಲ್ಲ. ಸಂಜೆ ಅಂಗಡಿ ಬೀದಿಯ ಹಿರಿಯರು ನೋಡಲು ಬಂದರು. ಎಲ್ಲರದೂ ಒಂದೇ ಮಾತು: ದಾರ ಗಟ್ಟಿಯಿರಲಿಲ್ಲ. ಹಾಳು ನೂಲಿನ ದಾರವನ್ನು ನಂಬಿಕೊಂಡು ಲಿಂಗ ಕಟ್ಟಿಕೊಳ್ಳಬಹುದೆ? ಒಬ್ಬರು ರೇಷ್ಮೆಯ ಹುರಿ ಎಂದರು, ಇನ್ನೊಬ್ಬರು ಬೆಳ್ಳಿಯ ಸರಪಳಿ ಎಂದರು. ಸರಪಳಿ ಚಿಕ್ಕಪ್ಪನಿಗೆ ಹಿಡಿಸಿತು.

"ಪಾವಗಡದಾಗೆ ಅಕ್ಕಸಾಲಿಗನಿಗೆ ಹೇಳ್ತೀನಿ. ಹೆಣೆದು ಕೊಡ್ತಾನೆ, ಎತ್ತು ಕಟ್ಟಿದ್ರೂ ಕಿತ್ತೋಗಬಾರದು. ಮತ್ತೆ ಇಂಥದ್ದು ಆಗಬಾರದು" ಎಂದರು.

ಖಾದರ್ ಸಾಬರು ರಟ್ಟೆಗೆ ಬಿಗಿದಿದ್ದ ತಮ್ಮ ತಾಯಿತವನ್ನು ತೋರಿಸಿ, "ಹಿಂಗೆ ಕಟ್ಕಳ್ರಿ ಸಾವ್ಕಾರ್" ಎಂದರು. "ಅದು ಎದೆ ಮೇಲೇ ಇರ್ಬೇಕು ಸಾಬ್ರೇ" ಎಂದು ಚಿಕ್ಕಪ್ಪ ಮಾತು ಮುಗಿಸಿದರು.

ಆಗ ಚಿಕ್ಕಮ್ಮ ಒಳಗಿನಿಂದ ಬಂದರು. ಹೊರಗಿನ ಗಂಡಸರ ಎದುರು ಅವರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಆ ದಾರ ಗಟ್ಟಿ ಇದ್ದಿದ್ರೆ ನಿನ್ನೆ ನಾವು ಏನು ಹುಡುಕ್ತಿದ್ವಿ?" ಎಂದರು.

ಯಾರಿಗೂ ಅರ್ಥವಾಗಲಿಲ್ಲ.

"ಹುಡುಕಾಕೆ ಏನೂ ಇರ್ತಿರಲಿಲ್ಲ. ಲಿಂಗ ಎದೆ ಮೇಲೆ ಭದ್ರವಾಗಿರ್ತಿತ್ತು. ನೀವು ಬೆಲ್ಟಿನ ಕೆಳಗೆ ಬಿದ್ದಿರ್ತಿದ್ರಿ."

"ಲಿಂಗ ಹೋದ ಮೇಲೆ ಕತ್ತು ಉಳಿದು..." ಎಂದು ಚಿಕ್ಕಪ್ಪ ಬಾಯಿ ತೆರೆದರು.

"ಆ ಮಾತ ಮುಗಿಸ್ಬೇಡಿ" ಎಂದರು ಚಿಕ್ಕಮ್ಮ. ಆಮೇಲೆ ಕೇಳಿದರು: "ಆ ಮಿಸನ್ನಿನ ಚಕ್ರಕ್ಕೆ ಕಬ್ಬಿಣದ ಬೆಣೆ ಬಂದಿತ್ತಲ್ಲ, ಅದನ್ನ ಕಿತ್ತಾಕಿ ಮರದ್ದು ಯಾಕೆ ಹಾಕಿದ್ರಿ?"

"ಕಾಯಿ ಜೊತೆ ಕಲ್ಲು ಬಂದ್ರೆ ಬೆಣೆ ಮುರೀಲಿ, ಮಿಸನ್ನಿನ ಹಲ್ಲು ಉಳೀಲಿ ಅಂತ."

"ಮಿಸನ್ನಿನ ಹಲ್ಲು ಕಂಡೋರಿಗೆ ನಿಮ್ಮ ಕತ್ತು ಕಾಣಲಿಲ್ವಾ?"

ಖಾದರ್ ಸಾಬರು ಫಕ್ಕನೆ ನಕ್ಕು, ನಕ್ಕದ್ದಕ್ಕೆ ನಾಚಿ ಬಾಯಿ ಮುಚ್ಚಿಕೊಂಡರು. ಚಿಕ್ಕಪ್ಪ ಕೊರಳಿನ ಗಾಯದ ಮೇಲೆ ಕೈಯಿಟ್ಟುಕೊಂಡರು. ಪಾವಗಡದ ಅಕ್ಕಸಾಲಿಗನ ಹೆಸರು ಮತ್ತೆ ಬರಲಿಲ್ಲ.

ಅಂದಿನಿಂದ ಶಿವದಾರವನ್ನು ಚಿಕ್ಕಮ್ಮ ತಾವೇ ನೂತರು. ತಕಲಿಯಲ್ಲಿ ನೂತು ನೋಡುತ್ತ, ಕರಡಿಗೆಯ ಭಾರ ಹೊರಬೇಕು, ಎಳೆದರೆ ಕಿತ್ತುಬರಬೇಕು ಎಂಬ ಎರಡು ಷರತ್ತುಗಳ ನಡುವೆ ಅವರು ಪಟ್ಟ ಪಾಡು ಹೇಳತೀರದು. ಮೊದಮೊದಲಿನ ದಾರಗಳು ಚಿಕ್ಕಪ್ಪ ಸೀನಿದರೂ ಕಿತ್ತುಹೋಗುತ್ತಿದ್ದವು. ಊಟದ ನಡುವೆ ಎಡಗೈಯಲ್ಲಿ ಕರಡಿಗೆ ಹಿಡಿದುಕೊಂಡು, "ಲೇ, ಇದೇನು ದಾರವೋ ಜೇಡರ ಬಲೆಯೋ!" ಎಂದು ಕೂಗುತ್ತಿದ್ದರು. ಅಂಗಿ ತೊಟ್ಟು ಒಳಗೆ ಸೇರಿಸಿಕೊಂಡರೆ ಸಾಲದೆ ಎಂದು ನೀವು ಕೇಳಬಹುದು. ಅದನ್ನೂ ಮಾಡಿದರು. ಚಿಕ್ಕಮ್ಮನಿಗೆ ಗುಂಡಿಗಳ ಮೇಲೆ ನಂಬಿಕೆ ಇರಲಿಲ್ಲ. ಒಮ್ಮೆ ನೂತ ದಾರದಲ್ಲಿ ಒಂದು ಉದ್ದ ಕೊರಳಿಗೆ, ಉಳಿದದ್ದು ತುಂಡು ತುಂಡಾಗಿ ಮಿಷನ್ ಮನೆಯ ಮೊಳೆಗೆ. ಬೆಳಿಗ್ಗೆ ಇಂಜಿನ್ ಶುರುಮಾಡುವ ಮುಂಚೆ ಖಾದರ್ ಸಾಬರು ಅದರಲ್ಲಿ ಒಂದನ್ನು ತೆಗೆದು ಎಳೆದು ನೋಡಬೇಕು. ಒಂದೇ ಎಳೆತಕ್ಕೆ ಕಿತ್ತುಬಂದರೆ ಇಂಜಿನ್ನಿಗೆ ಅಪ್ಪಣೆ. ಬರದಿದ್ದರೆ ಚಿಕ್ಕಪ್ಪ ಮನೆಗೆ ಹೋಗಿ ದಾರ ಬದಲಿಸಿಕೊಂಡು ಬರಬೇಕು.

ಮಿಲ್ಲಿನವನು ಕಿತ್ತದ್ದು ಆ ದಾರವೇ ಎಂದು ಹೇಳಲು ನನಗೆ ಆಸೆ. ಅವನ ತಂದೆ ನಮ್ಮ ಮಿಷನ್ ಮನೆಯಲ್ಲೋ ಪಕ್ಕದ ಇನ್ನೊಂದರಲ್ಲೋ ನೋಡಿ ಕಲಿತು, ಕಾರಣವನ್ನು ದಾರಿಯಲ್ಲಿ ಕಳೆದುಕೊಂಡು, ಕ್ರಿಯೆಯನ್ನು ಮಾತ್ರ ಮಗನಿಗೆ ಕೊಟ್ಟಿರಬಹುದು. ಅಥವಾ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದಿರಬಹುದು. ಊರಿನಲ್ಲಿ ಜನ ಎಷ್ಟೋ ಕಾರಣಕ್ಕೆ ಎಷ್ಟೋ ದಾರ ಕೀಳುತ್ತಾರೆ. ಚಿಕ್ಕಪ್ಪ ಮಿಷನ್ ಮಾರಿ ಮಧುಗಿರಿಗೆ ಬಂದು, ಕೊರಳು ನೆಟ್ಟಗಿಟ್ಟುಕೊಂಡೇ ಮುದುಕರಾಗಿ ಹಾಸಿಗೆಯಲ್ಲಿ ತೀರಿಕೊಂಡರು. ಈ ಕಥೆಯನ್ನು ನಾನು ಅನೇಕರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಅದು ಚಿಕ್ಕಪ್ಪನ ನಿಷ್ಠೆಯ ಕಥೆಯಾಗಿರುತ್ತಿತ್ತು. ತೊಟ್ಟಿಯಲ್ಲಿ ಕರಡಿಗೆ ಸಿಕ್ಕ ಕಡೆ ನಿಲ್ಲಿಸುತ್ತಿದ್ದೆ, ಕೇಳುವವರು ಕೈಮುಗಿಯುತ್ತಿದ್ದರು. ಚಿಕ್ಕಮ್ಮ ನೂತದ್ದನ್ನು ಯಾರಿಗೂ ಹೇಳಿದ ನೆನಪಿಲ್ಲ.

ಇದನ್ನು ಇಲ್ಲಿಯವರೆಗೆ ಬರೆದು, ಸುಮ್ಮನೆ ನನ್ನ ಕೊರಳಿನ ದಾರಕ್ಕೆ ಬೆರಳು ಹಾಕಿ ಎಳೆದು ನೋಡಿದೆ. ಬರಲಿಲ್ಲ. ಬಲವಾಗಿ ಎಳೆದೆ. ಬೆರಳು ಕುಯ್ದಂತಾಯಿತು. ಅಳಿಯ ಯಾವುದೋ ಜಾತ್ರೆಯ ಅಂಗಡಿಯಿಂದ ತಂದುಕೊಟ್ಟ ನೈಲಾನ್ ದಾರ. "ಮಾವ, ಇದು ನಿಮ್ಮ ಜೀವಮಾನಕ್ಕೂ ಕಿತ್ತುಹೋಗುವುದಿಲ್ಲ" ಎಂದು ಹೇಳಿಯೇ ಕೊಟ್ಟಿದ್ದ.

ಈ ವಯಸ್ಸಿನಲ್ಲಿ ನಾನು ಯಾವ ಇಂಜಿನ್ನಿನ ಹತ್ತಿರವೂ ಹೋಗುವುದಿಲ್ಲ, ನಿಜ. ಆದರೂ ಎದ್ದು ಹೋಗಿ ದೀಪದ ಬತ್ತಿಯ ಅರಳೆ ತೆಗೆದುಕೊಂಡು ತೊಡೆಯ ಮೇಲಿಟ್ಟು ಹೊಸೆಯತೊಡಗಿದೆ. ನನ್ನ ಕೈಯಲ್ಲಿ ಅದು ದಾರವಾಗುವ ಲಕ್ಷಣ ಕಾಣಲಿಲ್ಲ. ನೋಡುತ್ತಿದ್ದ ನನ್ನ ಹೆಂಡತಿ, "ಕೊಡಿ ಇಲ್ಲಿ, ಏನ್ ಮಾಡ್ತಿದೀರ" ಎಂದು ಕಿತ್ತುಕೊಂಡಳು. ಶಿವದಾರ ಎಂದೆ. ಅವಳು ನನ್ನ ಮುಖ ನೋಡಿ, ಕಾಲು ನೀಡಿ ಕೂತು ಉದ್ದಕ್ಕೆ ಹೊಸೆದಳು. ಹೊಸೆದು ಮುಗಿಸಿ, ಗಟ್ಟಿಯಾಗಿದೆಯೋ ಎಂದು ಎರಡು ಕೈಯಲ್ಲಿ ಹಿಡಿದು ಎಳೆದಳು. ಅದು ಪಟ್ಟನೆ ಕಿತ್ತುಹೋಯಿತು.

"ಅಯ್ಯೋ, ಆಗಲಿಲ್ಲ ಕಣ್ರೀ" ಎಂದಳು.

"ಆಯಿತು. ಇಂಥದೇ ಇನ್ನೊಂದು ಮಾಡು" ಎಂದೆ.